ಆಚೆಬದಿಯ ಡಾಕ್ಟರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ದೊಡ್ಡಾಸ್ಪತ್ರೆಯ ಎರಡನೇ ಮಹಡಿಯ ಆಪರೇಷನ್ ಥಿಯೇಟರಿನಲ್ಲಿ ಒರೆಸಿದ ನೆಲ ಆರುತ್ತಿದೆ. ಎತ್ತರದ ಡಾಕ್ಟರೊಬ್ಬರು ಒಬ್ಬರೇ ಒಳಗೆ ಬಂದು ಟೇಬಲ್ಲಿನ ಬುಡದಲ್ಲಿರುವ ಪೆಡಲ್ ತುಳಿಯುತ್ತಾರೆ. ಟೇಬಲ್ಲು ಉಸ್ಸೆಂದು ಇಳಿಯುತ್ತದೆ. ತಮ್ಮ ಸೊಂಟದ ಮಟ್ಟಕ್ಕೆ ಬಂದರೂ ಬಿಡುವುದಿಲ್ಲ, ಇನ್ನೂ ತುಳಿಯುತ್ತಾರೆ. ಕೊನೆಗೆ ಅಂಗೈಯನ್ನು ಗಾಳಿಯಲ್ಲಿ ಅಡ್ಡ ಹಿಡಿದು, ಅಲ್ಲಿಲ್ಲದ ಯಾರದೋ ಮೊಣಕೈಯನ್ನು ಅಳೆದು, ಸರಿ ಅನ್ನುವಂತೆ ತಲೆಯಾಡಿಸುತ್ತಾರೆ. ಆ ಮೊಣಕೈಯ ಒಡತಿ ಈಗ ಕೆಳಗೆ ವಾರ್ಡಿನಲ್ಲಿ, ನಸುಕಿನಲ್ಲೇ ಹೊಟ್ಟೆ ಹಿಡಿದುಕೊಂಡು ಬಂದ ರೋಗಿಯನ್ನು ನೋಡುತ್ತಿದ್ದಾಳೆ.

“ಕೊಯ್ಯೋರ ಮೊಣಕೈಗೆ ತಕ್ಕಂತೆ ಟೇಬಲ್ ಇರಬೇಕು. ಎದುರು ನಿಲ್ಲೋರ ಬೆನ್ನು ಏನಾದ್ರೂ ಆಗ್ಲಿ, ಅದನ್ನ ಯಾರು ಕೇಳ್ತಾರೆ,” ಅನ್ನುತ್ತಾರೆ ಡಾಕ್ಟರು, ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾಗುತ್ತಾ. ಅವರ ಬೆನ್ನು ಬಾಗಿದೆ. ವಯಸ್ಸಿನಿಂದ ಬಾಗಿದ್ದಲ್ಲ. ತಮಗಿಂತ ಗಿಡ್ಡ ಇರುವ ಶಿಷ್ಯರ ಎದುರು ಬಗ್ಗಿ ನಿಂತೂ ನಿಂತೂ ಬಾಗಿದ್ದು. ತಮ್ಮಷ್ಟೇ ಎತ್ತರದ ಒಬ್ಬ ಶಿಷ್ಯನನ್ನಾದರೂ ದೇವರು ಕಳಿಸಬಾರದಿತ್ತೇ ಅಂತ ಅವರ ಒಂದು ಹಳೇ ದೂರಿದೆ.

ಆಸ್ಪತ್ರೆಯಲ್ಲಿ ಇವರನ್ನು ಎಲ್ಲರೂ ‘ಆಚೆಬದಿ ಸಾರ್’ ಅನ್ನುತ್ತಾರೆ. ಹೊಟ್ಟೆಯ ಆಪರೇಷನ್ನಿನಲ್ಲಿ ಕೊಯ್ಯುವವರು ರೋಗಿಯ ಬಲಬದಿಗೆ ನಿಲ್ಲುತ್ತಾರೆ. ಎದುರಿನ ಎಡಬದಿ ಸಹಾಯಕರದು. ಅಲ್ಲಿ ನಿಂತವರು ಗಾಯವನ್ನು ಕೊಕ್ಕೆಯಿಂದ ಅಗಲಿಸಿ ಹಿಡಿಯಬೇಕು, ರಕ್ತ ಒರೆಸಬೇಕು, ದಾರದ ತುದಿ ಕತ್ತರಿಸಬೇಕು. ಸಾಮಾನ್ಯವಾಗಿ ಅದು ಹೊಸಬರ ಜಾಗ. ಈ ಹಿರಿಯ ಸರ್ಜನ್ ಮಾತ್ರ ಅರ್ಧ ಆಯುಷ್ಯವನ್ನು ಅಲ್ಲೇ ಕಳೆದಿದ್ದಾರೆ. ಯಾಕೆಂದರೆ ಬಲಬದಿಯಲ್ಲಿ ಕಲಿಯುವವರನ್ನು ನಿಲ್ಲಿಸಿ, ಅವರ ಕೈಗೆ ಚಾಕು ಕೊಟ್ಟು, ಎದುರು ನಿಂತು ಕಾಯುವುದೇ ಇವರ ಕೆಲಸ.

ಕೆಲಸ ಅಂದರೆ ಇದಕ್ಕೆ ಹೆಸರೂ ಇಲ್ಲ, ಹೊಗಳಿಕೆಯೂ ಇಲ್ಲ. ಗುಣವಾದ ರೋಗಿ ಬಲಬದಿಯವರ ಕೈ ಹಿಡಿದು ಕಣ್ಣೀರು ಹಾಕುತ್ತಾನೆ. ಎಡಬದಿಯವರನ್ನು ಕಂಪೌಂಡರ್ ಅಂದುಕೊಂಡು ಔಷಧಿ ಚೀಟಿ ಚಾಚಿದವರೂ ಇದ್ದಾರೆ.

ಈಗ ಈ ಆಚೆಬದಿಯವರು ಒಂದು ಇಕ್ಕಟ್ಟಿನಲ್ಲಿದ್ದಾರೆ. ಅವರ ಶಿಷ್ಯೆಯ ಕಲಿಕೆ ಮುಗಿಯುತ್ತಾ ಬಂದಿದೆ. ಆಕೆ ಪುಟ್ಟ ಆಳು, ಚುರುಕು ನಡಿಗೆ. ಹಾಗಾಗಿ ಎಲ್ಲರ ಬಾಯಲ್ಲಿ ‘ಗುಬ್ಬಿ’. ದೂರದ ಊರಿನ ಸಣ್ಣ ಆಸ್ಪತ್ರೆಯೊಂದು ಸರ್ಜನ್ ಇಲ್ಲದೆ ಕೂತಿದೆ, ಅಲ್ಲಿಗೆ ಆಕೆ ಹೋಗಬೇಕು. ಅಲ್ಲಿ ಎದುರು ನಿಲ್ಲುವ ಹಿರಿಯರು ಯಾರೂ ಇಲ್ಲ. ಒಬ್ಬಳನ್ನೇ ಬಿಡಬಹುದೋ ಬಾರದೋ ಅಂತ ವಿಭಾಗದ ಮುಖ್ಯಸ್ಥರು ಕೇಳುವುದು ಇವರೊಬ್ಬರನ್ನೇ. ಕೇಳಿ ತಿಂಗಳಾಯಿತು. ಇವರು ‘ಇನ್ನೊಂಚೂರು ದಿನ ಹೋಗ್ಲಿ’ ಅಂತಲೇ ಕಾಲ ತಳ್ಳಿದ್ದಾರೆ. ಏನು ಕೊರತೆ ಅಂತ ಕೇಳಿದರೆ ವಾರ್ಡಿಗೆ ಹೊತ್ತಾಯಿತು ಅಂತ ಎದ್ದಿದ್ದಾರೆ. ಇನ್ನು ಹದಿನೈದು ದಿನದೊಳಗೆ ಹೌದು ಇಲ್ಲ ಎರಡರಲ್ಲೊಂದು ಹೇಳಲೇಬೇಕು.

ಕೊರತೆ ಏನಂತ ಹೇಳಲಿ ಪಾಪ. ಕೊರತೆ ಇರುವುದು ಹುಡುಗಿಯಲ್ಲಲ್ಲ.

“ಹೊಟ್ಟೆಕಿಚ್ಚು ಆಗಲ್ವಾ ಅಂತ ಯಾರೂ ಕೇಳಲ್ಲ ನೋಡಿ,” ಅನ್ನುತ್ತಾರೆ ಸಾರ್, ಟೀ ಕೋಣೆಯ ಮರದ ಬೆಂಚಿನ ಮೇಲೆ ಕಾಲು ಚಾಚಿ. “ಕೇಳಿ, ಹೇಳ್ತೀನಿ. ಆಗುತ್ತೆ. ಧಾರಾಳವಾಗಿ ಆಗುತ್ತೆ. ಎಡಗೈಯಲ್ಲಿ ಗಂಟು ಹಾಕೋದು ನನಗೆ ಒಲಿಯೋಕೆ ವರ್ಷಗಳು ಬೇಕಾಯ್ತು. ಮಂಚದ ಕಾಲಿಗೆ ದಾರ ಕಟ್ಟಿ ಕಟ್ಟಿ ಬೆರಳು ಸೀಳ್ಕೊಂಡಿದ್ದೆ. ಇವಳು ಒಂದು ಮಳೆಗಾಲ ಕಳೆಯೋದ್ರೊಳಗೆ ಹಾಕಿಬಿಟ್ಳು. ಹಾಕಿ ನನ್ನ ಮುಖ ನೋಡಿದ್ಳು, ಶಹಭಾಸ್ ಅಂದೆ. ಬಾಯಿ ಅಂತು. ಹೊಟ್ಟೆ ಬೇರೆ ಏನೋ ಅಂತಿತ್ತು.”

ಗುರುವನ್ನು ಮೀರಿಸಿದ ಶಿಷ್ಯ ಅಂತ ಜನ ದೊಡ್ಡ ಮಾತು ಆಡುತ್ತಾರಲ್ಲ, ಆ ಮಾತು ಹುಟ್ಟಿಸಿದವನು ಖಂಡಿತ ಗುರುವಲ್ಲ, ಯಾವನೋ ಶಿಷ್ಯನೇ ಇರಬೇಕು ಅನ್ನುವುದು ಇವರ ವಾದ. ವಾದಕ್ಕೆ ಸಾಕ್ಷಿಯೂ ಇದೆ. ಈಗಿನ ಮುಖ್ಯಸ್ಥರು ಜೀವಮಾನದ ಮೊದಲ ಹರ್ನಿಯಾ ಕೊಯ್ದದ್ದು ಇವರ ಎದುರಿಗೇ. ಅಂದು ಅವರ ಬೆವರು ಗಾಯದೊಳಗೆ ಬೀಳದಂತೆ ಸಿಸ್ಟರ್ ಹಣೆ ಒರೆಸುತ್ತಲೇ ಇದ್ದರು. ಈಗ ಅವರಿಗೆ ಎ.ಸಿ. ಕೋಣೆ ಇದೆ, ಬಾಗಿಲಿಗೆ ಹಿತ್ತಾಳೆಯ ಹೆಸರುಫಲಕ ಇದೆ. ಇವರಿಗೆ ಈ ಮರದ ಬೆಂಚು ಇದೆ. ಪ್ರಬಂಧ ಬರೆಯಲಿಲ್ಲ, ಯಾರ ಹಿಂದೆಯೂ ತಿರುಗಲಿಲ್ಲ, ಬಡ್ತಿ ಪಕ್ಕದಲ್ಲೇ ಹಾದುಹೋಯಿತು. ಆ ಹಿತ್ತಾಳೆ ಫಲಕದ ಮುಂದೆ ಹೋಗುವಾಗ ಇವರು ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾರೆ ಅಂತ ಹಿರಿಯ ಸಿಸ್ಟರ್ ಹೇಳುತ್ತಾರೆ. ಆ ಹೊತ್ತಿಗೆ ಮೊಬೈಲಿನಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲವಂತೆ.

ಸಾರ್ ಅವರ ಅಪ್ಪ ಲಿಫ್ಟ್ ನಡೆಸುತ್ತಿದ್ದವರು. ಒಂಬತ್ತು ಮಹಡಿಯ ಆಫೀಸು ಕಟ್ಟಡ, ಬಾಗಿಲ ಹತ್ತಿರ ಒಂದು ಮುಕ್ಕಾಲಿ. ಬಂದವರನ್ನೆಲ್ಲ ಮೇಲೆ ಬಿಟ್ಟು ತಾನು ಕೆಳಗೆ ಬರುವುದು. ಮಗನೂ ಅದೇ ಕೆಲಸಕ್ಕೆ ಸೇರಿಕೊಂಡ ಅಂತ ಅಪ್ಪ ಸಾಯುವವರೆಗೂ ತಮಾಷೆ ಮಾಡುತ್ತಿದ್ದರು. ಡಾಕ್ಟರಾದ ಮಗನಿಗೆ ಆ ತಮಾಷೆ ಅಷ್ಟೇನೂ ಹಿಡಿಸುತ್ತಿರಲಿಲ್ಲ.

ಇವರು ಕಲಿಯುವಾಗ ಇದ್ದ ಗುರುಗಳು ಚಾಕು ಕೈಬಿಡುವವರೇ ಅಲ್ಲ. ವರ್ಷಾನುಗಟ್ಟಲೆ ಕೊಕ್ಕೆ ಹಿಡಿಸಿದರು. ಮುಟ್ಟಲು ಹೋದರೆ ಇಕ್ಕಳದಿಂದ ಬೆರಳಗಂಟಿಗೆ ಬಡಿಯುತ್ತಿದ್ದರು. ಕಲಿಕೆ ಮುಗಿದ ಮಾರನೇ ದಿನವೇ ಇವರನ್ನು ಒಂದು ಸಣ್ಣ ಊರಿಗೆ ಕಳಿಸಿದರು. ಅಲ್ಲಿ ಮೊದಲ ಹೊಟ್ಟೆ ತೆರೆದಾಗ ಎದುರು ನಿಂತಿದ್ದದ್ದು ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ನರ್ಸ್. ರೋಗಿ ಬದುಕಿದ. “ಅದು ಅವನ ಪುಣ್ಯ, ನನ್ನ ಕೈಗುಣ ಅಲ್ಲ,” ಅನ್ನುತ್ತಾರೆ. “ಕೊಡದೇ ಇರೋದೂ ತಪ್ಪು, ಒಂದೇ ಸಲ ಕೊಟ್ಟು ಓಡಿಹೋಗೋದೂ ತಪ್ಪು. ನಮ್ಮ ಗುರುಗಳು ಎರಡನ್ನೂ ಮಾಡಿದ್ರು.”

ಅದಕ್ಕೇ ಇವರ ಟೇಬಲ್ಲಿನಲ್ಲಿ ಬೇರೆ ಪದ್ಧತಿ. ಎಲ್ಲೂ ಬರೆದಿಟ್ಟದ್ದಲ್ಲ, ಬಾಯಿಬಿಟ್ಟು ಹೇಳುವುದೂ ಇಲ್ಲ. ಕಲಿಯುವವರು ಎಂದಿನಂತೆ ಕೈ ತೊಳೆದು ಒಳಗೆ ಬರುತ್ತಾರೆ, ನೋಡಿದರೆ ಸಾರ್ ಆಗಲೇ ಎಡಬದಿಗೆ ನಿಂತಿರುತ್ತಾರೆ. ಬಲಬದಿ ಖಾಲಿ. ಅಷ್ಟೇ. ಆ ಖಾಲಿ ಜಾಗ ಕಂಡು ಕಣ್ಣು ತುಂಬಿಕೊಂಡವರಿದ್ದಾರೆ, ಜಾಗ ತಪ್ಪಿರಬೇಕು ಅಂತ ತಾವೇ ಸುತ್ತು ಹಾಕಿ ಎಡಬದಿಗೆ ಬಂದು ಸಾರ್ ಕಾಲು ತುಳಿದವರೂ ಇದ್ದಾರೆ. ಅಲ್ಲಿಂದ ಕೆಲವು ತಿಂಗಳಾದ ಮೇಲೆ ಸಾರ್ ಗ್ಲೌಸ್ ಬಿಚ್ಚಿ ಗೋಡೆ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ. ಮತ್ತೂ ಕೆಲವು ತಿಂಗಳಿಗೆ ಎದ್ದು ಪಕ್ಕದ ಟೀ ಕೋಣೆಗೆ ಹೋಗುತ್ತಾರೆ, ಎಡಬದಿಗೆ ಮೊದಲ ವರ್ಷದವರೊಬ್ಬರನ್ನು ನಿಲ್ಲಿಸಿ. ಅವರು ಎಷ್ಟು ದೂರ ಹೋದರು ಅನ್ನುವುದೇ ಕಲಿಯುವವರಿಗೆ ಸಿಗುವ ಸರ್ಟಿಫಿಕೇಟು. ಬೇಕಾದರೆ ಕರೆಯಬೇಕು. ಕರೆದರೆ ಸಿಸ್ಟರ್ ಎಂಟನೇ ನಂಬರಿನ ಗ್ಲೌಸ್ ಪ್ಯಾಕೆಟ್ ಹರಿಯುತ್ತಾರೆ. ಆ ಥಿಯೇಟರಿನಲ್ಲಿ ಎಂಟರ ಕೈ ಇವರೊಬ್ಬರದೇ, ಗುಬ್ಬಿಯದು ಆರು.

ಗುಬ್ಬಿ ಎಲ್ಲರಿಗಿಂತ ಬೇಗ ಇವರನ್ನು ಸ್ಟೂಲಿಗೆ ಕಳಿಸಿದಳು. ಅಲ್ಲಿಂದಲೇ ಎಡವಟ್ಟು ಶುರು.

ಕರುಳಿನ ಕೆಟ್ಟ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿಗಳನ್ನು ಕೈಯಿಂದಲೇ ಹೊಲಿದು ಕೂಡಿಸುವ ಕೆಲಸವೊಂದಿದೆ. ಸಾರ್‌ಗೆ ಅದರ ಮೇಲೆ ಪ್ರಾಣ. ಮುಂಬದಿಯ ಹೊಲಿಗೆ ಯಾರಾದರೂ ಹಾಕಿಯಾರು. ಹಿಂಬದಿಯದು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಬೆರಳಿಗೇ ತಿಳಿಯಬೇಕು. ಉಳಿದದ್ದನ್ನೆಲ್ಲ ಗುಬ್ಬಿಗೆ ಕೊಟ್ಟರು, ಇದನ್ನು ಮಾತ್ರ ಕೊಡಲಿಲ್ಲ. ಅಲ್ಲಿಗೆ ಬಂದ ಕೂಡಲೇ ಸ್ಟೂಲಿನಿಂದ ಎದ್ದು, ಗ್ಲೌಸ್ ತೊಟ್ಟು, ಎಡಬದಿಯಿಂದಲೇ ಉದ್ದ ಕೈ ಚಾಚಿ, ‘ಇದೊಂದು ನಾನು ಹಾಕ್ತೀನಿ’ ಅನ್ನುವರು. ಮಕ್ಕಳಿಗೆ ಡಬ್ಬಿಯೆಲ್ಲ ಕೊಟ್ಟು ಮುಚ್ಚಳ ಮಾತ್ರ ತನ್ನ ಹತ್ತಿರ ಇಟ್ಟುಕೊಂಡ ಅಜ್ಜಿಯ ಹಾಗೆ ಅಂತ ಹಿರಿಯ ಸಿಸ್ಟರ್ ಮಾಸ್ಕಿನೊಳಗೇ ನಗುತ್ತಿದ್ದರು.

ಮನೆಯಲ್ಲಿ ಹೆಂಡತಿಗೆ ಈ ಕಥೆ ದಿನಾ ಗೊತ್ತಾಗುತ್ತದೆ. ಅವರು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವರು. ಕಲಿಯುವವರ ಪಕ್ಕದ ಸೀಟು, ಕಾಲಡಿಗೆ ಒಂದು ಹೆಚ್ಚುವರಿ ಬ್ರೇಕು. ಅವರಿಗೂ ಹೊಟ್ಟೆಕಿಚ್ಚು ಇಲ್ಲವೆಂದೇನಲ್ಲ. ತಮ್ಮ ಹತ್ತಿರ ಕ್ಲಚ್ಚು ಬ್ರೇಕಿನ ಗುರುತು ಕಲಿತವರು ಈಗ ದೊಡ್ಡ ಕಾರಿನಲ್ಲಿ ಹಾರ್ನ್ ಹೊಡೆದುಕೊಂಡು ತಮ್ಮನ್ನೇ ಹಿಂದೆ ಹಾಕುತ್ತಾರೆ ಅಂತ ಬೈದುಕೊಳ್ಳುತ್ತಾರೆ. ಆದರೆ ಕಲಿಸುವವರ ಕಾಲು ಬ್ರೇಕಿನ ಮೇಲಿದೆ ಅಂತ ಗೊತ್ತಾದರೆ ಕಲಿಯುವವನು ತನ್ನ ಬ್ರೇಕನ್ನು ಮರೆತೇಬಿಡುತ್ತಾನೆ, ಅದಕ್ಕೆ ಕಾಲು ಹಿಂದಕ್ಕೆ ಎಳೆದು ಕೂರಬೇಕು, ಕೂತು ಪ್ರಾಣ ಕೈಯಲ್ಲಿ ಹಿಡ್ಕೋಬೇಕು ಅನ್ನುತ್ತಾರೆ.

ಮುಖ್ಯಸ್ಥರಿಗೆ ‘ಇನ್ನೊಂಚೂರು ದಿನ’ ಅಂದು ಬಂದ ಸಂಜೆ ಊಟಕ್ಕೆ ಕೂತಾಗ ಆಕೆ ಕೇಳಿದ್ದು ಒಂದೇ ಮಾತು: “ಅಲ್ಲಾ ರೀ, ಆ ಹುಡುಗಿ ತಪ್ಪು ಮಾಡ್ತಾಳೆ ಅಂತ ಭಯಾನಾ ನಿಮಗೆ, ಮಾಡಲ್ಲ ಅಂತ ಭಯಾನಾ?”

ಸಾರ್ ತಟ್ಟೆ ಬಿಟ್ಟು ಕೈ ತೊಳೆಯಲು ಎದ್ದರಂತೆ. ಊಟ ಇನ್ನೂ ಅರ್ಧ ಉಳಿದಿತ್ತು ಅನ್ನುವುದನ್ನು ಹೆಂಡತಿ ಮರೆಯದೆ ಸೇರಿಸುತ್ತಾರೆ.

ಮಾರನೇ ವಾರ ಸಾರ್ ಹಲ್ಲು ಕಚ್ಚಿಕೊಂಡು ಆ ಹಿಂಬದಿಯ ಹೊಲಿಗೆಯನ್ನೂ ಕೊಟ್ಟರು. ಕೊಟ್ಟು ಟೀ ಕೋಣೆಗೆ ಹೋದರು. ಹೋಗಿ ಕೂತಿದ್ದೇ ತಡ, ಒಳಗಿಂದ ಕರೆ ಬಂತು. ಓಡಿಹೋದರೆ ಗುಬ್ಬಿ ಕರುಳಿನ ತುದಿ ತೋರಿಸಿ ಬಣ್ಣ ಸರಿಯಿದೆಯಾ ಸಾರ್ ಅಂತ ಕೇಳಿದಳು. ಒಳ್ಳೇ ಗುಲಾಬಿ ಬಣ್ಣ, ಕುರುಡನಿಗೂ ಕಾಣುವಂಥದ್ದು. ಸಾರ್ ಗಂಭೀರವಾಗಿ ನೋಡಿ, ಸರಿಯಿದೆ ಅಂದು, ಕೈ ಹಾಕಿದ್ದಕ್ಕೆ ಒಂದು ಹೊಲಿಗೆಯನ್ನೂ ಹಾಕಿ ಬಂದರು. ಆ ಮಧ್ಯಾಹ್ನ ಊಟದ ಕೋಣೆಯಲ್ಲಿ ಹಳೇ ಜೋಕುಗಳೆಲ್ಲ ಹೊರಬಂದವು. ನಾನಿಲ್ಲದೆ ಆಗಲ್ಲ ಅನ್ನುವುದು ಎಂಥ ರುಚಿಯ ಮಾತು ಅಂತ ಅನುಭವಿಸಿದವರಿಗೇ ಗೊತ್ತು. ಮುಂದಿನ ಸಲವೂ ಕರೆ ಬಂತು: ಈ ಗಂಟು ನೀವೇ ಹಾಕಿಬಿಡಿ ಸಾರ್. ಅದರ ಮುಂದಿನ ಸಲವೂ ಬಂತು.

ಮೂರನೇ ಸಲ ಹೋದಾಗ ಟ್ರಾಲಿಯ ಮೇಲೆ ಒಂದು ಜೊತೆ ಗ್ಲೌಸ್ ಹೊರಗೆ ತೆಗೆದಿಟ್ಟಿತ್ತು. ಕರೆದ ಮೇಲೆ ಹರಿದ ಪ್ಯಾಕೆಟ್ಟಲ್ಲ. ಹತ್ತಿ, ಬಟ್ಟೆ, ಸೂಜಿಗಳ ಜೊತೆಗೆ ಆಪರೇಷನ್ ಶುರುವಾಗುವ ಮೊದಲೇ ನೀಟಾಗಿ ಜೋಡಿಸಿದ್ದು. ನಂಬರ್ ಎಂಟು.

ಅಂದರೆ ಕರೆಯುವುದು ಮೊದಲೇ ಗೊತ್ತು. ಹೊಟ್ಟೆ ತೆರೆಯುವ ಮೊದಲೇ, ಒಳಗೆ ಏನಿದೆ ಅಂತ ಯಾರಿಗೂ ತಿಳಿಯುವ ಮೊದಲೇ ಸಾರ್‌ಗೆ ಅಂತ ಒಂದು ಹೊಲಿಗೆ ಎತ್ತಿಟ್ಟಿದ್ದಾರೆ, ಅಳುವ ಮಗುವಿಗೆ ಬೆಲ್ಲದ ಚೂರು ಎತ್ತಿಟ್ಟ ಹಾಗೆ. ಸಿಸ್ಟರ್ ನೆಲ ನೋಡಿದರು. ಗುಬ್ಬಿ ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟು ನಿಂತಿದ್ದಳು. ಸಾರ್ ಹೊಲಿಗೆ ಹಾಕಲಿಲ್ಲ. ಸುಮ್ಮನೆ ತಿರುಗಿ ಆಚೆ ಬಂದರು. ಮೈಯೆಲ್ಲ ಉರಿಯುತ್ತಿತ್ತು.

ಆಪರೇಷನ್ ಮುಗಿದ ಮೇಲೆ ಕೈ ತೊಳೆಯುವ ನಲ್ಲಿಯ ಹತ್ತಿರ ಆ ಮಾತು ಬಂತು. ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಕರೆದೆ ಅಂತ ಗುಬ್ಬಿ ಒಪ್ಪಿಕೊಂಡಳು. ಯಾರು ಹೇಳಿದರು ಬೇಜಾರು ಮಾಡಿಕೊಳ್ಳುತ್ತೀನಿ ಅಂತ, ಅಂದರು ಸಾರ್.

“ಕರೀದೇ ಇದ್ದ ದಿನ ನೀವು ಊಟಕ್ಕೇ ಬರಲ್ಲ ಸಾರ್. ಕರೆದ ದಿನ ಜೋಕ್ ಹೇಳ್ತೀರಿ. ನಮಗೂ ಕಣ್ಣಿದೆ,” ಅಂದಳು ಗುಬ್ಬಿ. ದನಿ ಎತ್ತರಿಸಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

ಸಾರ್ ನಲ್ಲಿ ನಿಲ್ಲಿಸಿದರು. “ಸುಮ್ಮಸುಮ್ಮನೆ ಕರೀತಾ ಹೋದ್ರೆ, ನಿಜವಾಗ್ಲೂ ಕರೆದ ದಿನ ನಾನು ಟೀ ಮುಗಿಸ್ಕೊಂಡು ಬರ್ತೀನಿ ಕಣಮ್ಮ. ಆ ಟೀ ಕುಡಿಯೋ ಹೊತ್ತಲ್ಲಿ ಒಂದು ಜೀವ ಹೋಗಬಹುದು.”

“ಹಾಗಾದ್ರೆ ಕರೀದೇ ಇದ್ದಾಗ ಮುಖ ಊದಿಸ್ಕೋಬೇಡಿ ಸಾರ್.”

“ಅದು ನನ್ನ ಕೈಯಲ್ಲಿಲ್ಲ. ಊದಿಸ್ಕೊಂಡೇ ಊದಿಸ್ಕೋತೀನಿ. ನೀನು ನೋಡಬೇಡ, ಅಷ್ಟೇ.”

ಅಲ್ಲಿಗೆ ಒಪ್ಪಂದವಾಯಿತು. ಅಂದಿನಿಂದ ಗುಬ್ಬಿ ಕರೆದಿಲ್ಲ, ಕರೆಯುವಂಥದ್ದೂ ಬಂದಿಲ್ಲ. ಸಾರ್ ಟೀ ಕೋಣೆಯಲ್ಲಿ ಮುಖ ಊದಿಸಿಕೊಂಡು ಕೂರುತ್ತಾರೆ. ಕರೆ ನಿಜವಾಗಿ ಬಂದರೆ ಇಬ್ಬರೂ ಅದನ್ನು ನಂಬುತ್ತಾರೋ ಇಲ್ಲವೋ ಅನ್ನುವುದು ಮಾತ್ರ ಬಾಕಿ ಉಳಿದಿದೆ. ಮುಖ್ಯಸ್ಥರಿಗೆ ಉತ್ತರ ಕೊಡಲು ಆಗದೆ ಇರುವುದು ಈಗ ಅದೊಂದಕ್ಕೇ ಅನ್ನುತ್ತಾರೆ ಸಾರ್. ಅರ್ಧ ನಿಜ, ಅರ್ಧ ಹೊಟ್ಟೆಕಿಚ್ಚಿಗೆ ಹೊಸ ಅಂಗಿ ಅಂತ ಅವರ ಹೆಂಡತಿಯ ಅಭಿಪ್ರಾಯ.

ಇವತ್ತಿನ ರೋಗಿ ಇಸ್ತ್ರಿ ಅಂಗಡಿಯವನು. ಹಿಂದೊಮ್ಮೆ ಆಪರೇಷನ್ ಆದ ಹೊಟ್ಟೆ, ಒಳಗೆ ಕರುಳು ಅಂಟಿಕೊಂಡು ತಿರುಚಿಕೊಂಡಿದೆ. ಥಿಯೇಟರಿನ ಹೊರಗೆ ಅವನ ಅಕ್ಕ ನಿಂತಿದ್ದಾಳೆ, ತಮ್ಮನ ಚಪ್ಪಲಿ ಕೈಚೀಲದಲ್ಲಿ ಇಟ್ಟುಕೊಂಡು. ಆಪರೇಷನ್ ಮಾಡುವವಳು ನಾನು, ಸಾರ್ ಪಕ್ಕದ ಕೋಣೆಯಲ್ಲೇ ಇರುತ್ತಾರೆ, ಬೇಕಾದರೆ ಬರುತ್ತಾರೆ ಅಂತ ಗುಬ್ಬಿ ಬಿಡಿಸಿ ಹೇಳುತ್ತಾಳೆ. ಅಕ್ಕ ಗುಬ್ಬಿಯನ್ನು ಮೇಲಿಂದ ಕೆಳಗೆ ನೋಡುತ್ತಾಳೆ. ಆ ದೂರ ಹೆಚ್ಚೇನಿಲ್ಲ. ಆಮೇಲೆ ಕತ್ತೆತ್ತಿ ಸಾರ್ ಕಡೆ ತಿರುಗಿ, ನೀವೇ ಮಾಡಬಾರದಾ ಅಂತ ಕೇಳುತ್ತಾಳೆ.

ಸುಳ್ಳು ಯಾಕೆ, ಆ ಒಂದು ಗಳಿಗೆ ಸಾರ್ ಎದೆ ಉಬ್ಬುತ್ತದೆ. ಇಷ್ಟು ವರ್ಷದಲ್ಲಿ ಈ ಮಾತು ಎಷ್ಟು ಜನ ಕೇಳಿದ್ದಾರೆ ಅವರನ್ನು? ಗುಬ್ಬಿ ಅವರ ಮುಖವನ್ನೇ ನೋಡುತ್ತಿದ್ದಾಳೆ. ಸಾರ್ ಉಬ್ಬಿದ ಎದೆಯಿಂದ ಉಸಿರು ಬಿಟ್ಟು, “ನನ್ನ ತಮ್ಮ ಆಗಿದ್ರೂ ಇವಳ ಕೈಗೇ ಕೊಡ್ತಿದ್ದೆ ತಾಯಿ,” ಅನ್ನುತ್ತಾರೆ. ಅಂದ ಮೇಲೆ ತಾವೇ ಸ್ವಲ್ಪ ಬೆಚ್ಚುತ್ತಾರೆ. ಅಕ್ಕ ತಲೆಯಾಡಿಸುತ್ತಾಳೆ, ಪೂರ್ತಿ ಮನಸ್ಸಿಂದಲ್ಲ.

ಬಾಗಿಲು ಮುಚ್ಚುತ್ತದೆ. ಸಾರ್ ಟೀ ಕೋಣೆಗೆ ಬಂದು ಕೂರುತ್ತಾರೆ. ಲೋಟದಲ್ಲಿ ಟೀ ಹೊಗೆಯಾಡುತ್ತಿದೆ. ಗೋಡೆಯ ಆಚೆಗೆ ಯಂತ್ರವೊಂದು ಒಂದೇ ಸಮ ಟಿಕ್ ಟಿಕ್ ಅನ್ನುತ್ತಿದೆ. ಅದರ ಲಯ ಕೇಳಿಯೇ ಒಳಗೆ ಎಲ್ಲ ಸರಿಯಿದೆ ಅಂತ ಇವರು ಹೇಳಬಲ್ಲರು. ಎಲ್ಲ ಸರಿಯಿದೆ ಅನ್ನುವುದೇ ಇವರ ದುಃಖ. ಈಗ ಹೊಟ್ಟೆ ತೆರೆದಿರಬೇಕು, ಈಗ ಅಂಟು ಬಿಡಿಸುತ್ತಿರಬೇಕು, ಅಲ್ಲಿ ಬೆರಳು ಹೀಗೆ ಹಾಕಬೇಕು ಅಂತ ಗಾಳಿಯಲ್ಲೇ ಬೆರಳಾಡಿಸುತ್ತಾರೆ. “ಕನ್ಯಾದಾನ ಮಾಡಿದ ಅಪ್ಪಂದಿರು ಅಳ್ತಾರಲ್ಲ, ಅವರಿಗೆ ಅಳೋಕಾದ್ರೂ ಬಿಡ್ತಾರೆ,” ಅಂತ ಗೊಣಗುತ್ತಾರೆ. ಆಮೇಲೆ ಟೀ ಲೋಟ ಬಾಯಿಗೆ ಎತ್ತುತ್ತಾರೆ.

ಆಗ ಬಾಗಿಲಲ್ಲಿ ಹಿರಿಯ ಸಿಸ್ಟರ್. ಗುಬ್ಬಿ ಕರೆಯುತ್ತಿದ್ದಾಳೆ, ಕರುಳಿನ ಬಣ್ಣ ನೋಡಬೇಕಂತೆ.

ಮತ್ತೆ ಬಣ್ಣ! ಸಾರ್ ಲೋಟ ಕೆಳಗಿಡುವುದಿಲ್ಲ. ಹಣೆಯಲ್ಲಿ ಗೆರೆಗಳು ಮೂಡುತ್ತವೆ. ಅಂದು ಗುಲಾಬಿ ಬಣ್ಣ ತೋರಿಸಿ ಕರೆದದ್ದೂ ಇದೇ ಮಾತಿನಿಂದ. ಬಾಗಿಲ ಹೊರಗೆ ಅಕ್ಕನ ಎದುರು ಇವರ ಎದೆ ಉಬ್ಬಿದ್ದನ್ನು ಆ ಹುಡುಗಿ ಕಂಡಳಲ್ಲ, ಪಾಪ ಅಂದುಕೊಂಡು ಮತ್ತೆ ಬೆಲ್ಲದ ಚೂರು ಎತ್ತಿಟ್ಟಿರಬೇಕು. ಒಂದು ಗುಟುಕು ಕುಡಿದೇ ಹೋಗೋಣ ಅನ್ನಿಸುತ್ತದೆ. ನೋಡಿ, ಮೂರು ಸುಳ್ಳು ಕರೆಗಳು ಎಂಥ ಕೆಲಸ ಮಾಡಿವೆ ಅಂತ. ಒಳಗೆ ಮನುಷ್ಯನೊಬ್ಬನ ಹೊಟ್ಟೆ ತೆರೆದಿದೆ, ಇಲ್ಲಿ ಒಬ್ಬರು ಟೀ ಲೋಟ ಹಿಡಿದು ಲೆಕ್ಕಾಚಾರ ಹಾಕುತ್ತಿದ್ದಾರೆ.

ಸಿಸ್ಟರ್ ಹೋಗಲಿಲ್ಲ, ಬಾಗಿಲಲ್ಲೇ ನಿಂತಿದ್ದಾರೆ. “ನಿಮ್ಮ ಗ್ಲೌಸ್ ಹೊರಗೆ ತೆಗೆದಿಲ್ಲ ಸಾರ್,” ಅನ್ನುತ್ತಾರೆ ಮೆಲ್ಲಗೆ. “ಪ್ಯಾಕೆಟ್ ಈಗ ಹರೀಬೇಕು.”

ಲೋಟ ಬೆಂಚಿನ ಮೇಲೆ ಉರುಳುತ್ತದೆ. ಇಷ್ಟೆತ್ತರದ ಮನುಷ್ಯ ಅಷ್ಟು ಜೋರಾಗಿ ನಡೆದದ್ದನ್ನು ಆ ಕಾರಿಡಾರು ನೋಡಿ ಎಷ್ಟೋ ಕಾಲವಾಗಿರಬೇಕು.

ಒಳಗೆ ಗುಬ್ಬಿ ಬಲಬದಿಯಲ್ಲಿ ತನ್ನ ಜಾಗದಲ್ಲೇ ನಿಂತಿದ್ದಾಳೆ, ಅರ್ಧ ಹೆಜ್ಜೆಯೂ ಸರಿಯುವುದಿಲ್ಲ. ಕಣ್ಣಿನಲ್ಲೇ ಎಡಬದಿಯನ್ನು ತೋರಿಸುತ್ತಾಳೆ. ಮೊದಲ ವರ್ಷದವನು ಜಾಗ ಬಿಡುತ್ತಾನೆ, ಸಾರ್ ಕೈ ತೊಳೆದು ಗ್ಲೌಸ್ ತೊಟ್ಟು ಬಂದು ನಿಲ್ಲುತ್ತಾರೆ. ತಿರುಚಿದ ಕರುಳನ್ನು ಆಕೆ ಆಗಲೇ ಬಿಡಿಸಿದ್ದಾಳೆ. ಆದರೆ ಮೊಳದುದ್ದ ಭಾಗ ನೇರಳೆ ಬಣ್ಣಕ್ಕೆ ತಿರುಗಿ ಮಂಕಾಗಿ ಬಿದ್ದಿದೆ. ಸತ್ತಿದ್ದರೆ ಕತ್ತರಿಸಿ ತೆಗೆಯಬೇಕು, ಬಿಟ್ಟರೆ ಕೊಳೆತು ಪ್ರಾಣ ತೆಗೆಯುತ್ತದೆ. ಬದುಕಿದ್ದನ್ನು ಕತ್ತರಿಸಿದರೆ ಇಸ್ತ್ರಿಯವನಿಗೆ ಜೀವನಪೂರ್ತಿ ಅಷ್ಟು ಕರುಳು ನಷ್ಟ. ಎಲ್ಲಿಗೆ ಕತ್ತರಿಸಬೇಕು ಅನ್ನುವುದೇ ಪ್ರಶ್ನೆ.

“ಒಂದಿಷ್ಟು ಭಾಗ ಬದುಕುತ್ತೆ ಅನ್ಸುತ್ತೆ ಸಾರ್. ಖಾತ್ರಿ ಇಲ್ಲ. ಬಿಸಿ ಬಟ್ಟೆ ಹಾಕಿ ಕಾಯೋಣ ಅಂತ,” ಅನ್ನುತ್ತಾಳೆ ಗುಬ್ಬಿ.

ಸಾರ್ ತಾವೇ ಆಗಿದ್ದರೆ ಕಾಯುತ್ತಿರಲಿಲ್ಲವೇನೋ, ಅಷ್ಟನ್ನೂ ತೆಗೆದುಬಿಡುತ್ತಿದ್ದರೇನೋ. ನಾಲಿಗೆಯ ತುದಿಗೆ ಬರುತ್ತದೆ ಅದು. ಕೈಯೂ ಚಾಚಲು ತುರಿಸುತ್ತದೆ. ಇಂಥ ಗಳಿಗೆಯಲ್ಲಿ ಯಾವ ಶಿಷ್ಯರಿಗೂ ಹೇಳದ ಮಾತೊಂದನ್ನು ಅವರು ಹೇಳುತ್ತಾರೆ: “ನನಗೂ ಖಾತ್ರಿ ಇಲ್ಲಮ್ಮ. ಟೇಬಲ್ ನಿಂದು, ನೀನು ಹೇಳಿದ ಹಾಗೆ.”

ಬಿಸಿನೀರಲ್ಲಿ ಅದ್ದಿದ ಬಟ್ಟೆ ಬರುತ್ತದೆ. ಸಾರ್ ಎರಡು ಅಂಗೈಗಳ ನಡುವೆ ಆ ಕರುಳನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಬಗ್ಗಿ ನಿಂತುಕೊಳ್ಳುತ್ತಾರೆ. ಬೆನ್ನು ಚಳಕ್ಕೆನ್ನುತ್ತದೆ. ಗುಬ್ಬಿ ಗಡಿಯಾರ ನೋಡುತ್ತಾಳೆ, ಸಾರ್ ಗುಬ್ಬಿಯನ್ನು ನೋಡುತ್ತಾರೆ. ಬಟ್ಟೆ ಬಿಚ್ಚಿದಾಗ ಮೊಳದುದ್ದದ ನೇರಳೆಯಲ್ಲಿ ಎರಡೂ ಕಡೆಯಿಂದ ಗುಲಾಬಿ ಬಣ್ಣ ಹತ್ತಿಕೊಂಡು ಬಂದಿದೆ. ಮಧ್ಯದಲ್ಲಿ ಗೇಣುದ್ದ ಮಾತ್ರ ಹಾಗೇ ಉಳಿದಿದೆ. ಗುಬ್ಬಿ ಆ ಗೇಣನ್ನು ಕತ್ತರಿಸುತ್ತಾಳೆ. ಆಮೇಲೆ ಎರಡು ತುದಿಗಳನ್ನು ಸಾರ್ ಹಿಡಿಯುತ್ತಾರೆ, ಗುಬ್ಬಿ ಹೊಲಿಯುತ್ತಾಳೆ. ಹಿಂಬದಿಯ ಹೊಲಿಗೆಗೆ ಬಂದಾಗ ಸಾರ್ ಬೆರಳುಗಳು ಒಮ್ಮೆ ಮಿಸುಕುತ್ತವೆ. ಗುಬ್ಬಿ ಕತ್ತೆತ್ತದೆ, “ಸಾರ್, ಅಲ್ಲಾಡಬೇಡಿ,” ಅನ್ನುತ್ತಾಳೆ. ಹಿರಿಯ ಸಿಸ್ಟರ್ ಮಾಸ್ಕು ಮೇಲೆಳೆದುಕೊಳ್ಳುತ್ತಾರೆ. ಸಾರ್ ಅಲ್ಲಾಡುವುದಿಲ್ಲ.

ಹೊಲಿದ ಕರುಳು ಸೋರುವುದಿದ್ದರೆ ಮೊದಲ ವಾರದಲ್ಲೇ ಸೋರುತ್ತದೆ. ಅಷ್ಟು ದಿನ ಸರ್ಜನ್‌ಗಳು ಕಾಯುವುದು ಲೋಕದ ಮತ್ಯಾರೂ ಕಾಯದ ಒಂದು ಸುದ್ದಿಗೆ: ರೋಗಿ ಗಾಳಿ ಬಿಟ್ಟನೋ ಇಲ್ಲವೋ. ಬಿಟ್ಟರೆ ಕರುಳು ಮತ್ತೆ ಕೆಲಸ ಶುರುಮಾಡಿದೆ ಅಂತ ಅರ್ಥ. ಗುಬ್ಬಿ ಬೆಳಿಗ್ಗೆ ಸಂಜೆ ಹೋಗಿ ಕೇಳುತ್ತಾಳೆ. ಆಕೆ ಬಂದಮೇಲೆ ಸಾರ್ ಬೇರೇನೋ ನೆಪ ಮಾಡಿಕೊಂಡು ಹೋಗಿ ಅದನ್ನೇ ಕೇಳುತ್ತಾರೆ. ಇಸ್ತ್ರಿಯವನು ನಾಚಿಕೆಯಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಒಂದು ಬೆಳಗ್ಗೆ ವಾರ್ಡಿಗೆಲ್ಲ ಕೇಳುವಂತೆ ಉತ್ತರ ಬರುತ್ತದೆ. ಜ್ವರವಿಲ್ಲ, ಹೊಟ್ಟೆ ಮೆತ್ತಗಿದೆ, ಗಂಜಿ ಇಳಿಯುತ್ತಿದೆ. ವಾರ ದಾಟುತ್ತದೆ.

ಡಿಸ್ಚಾರ್ಜಿನ ದಿನ ಅಕ್ಕ ಗುಬ್ಬಿಯ ಎರಡೂ ಕೈಗಳನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ಈ ಪುಟ್ಟ ಕೈ ನಮ್ಮನೆ ದೀಪ ಉಳಿಸ್ತು ಅಂತ ಅಳುತ್ತಾಳೆ, ನಗುತ್ತಾಳೆ. ಹಿಂದೆ ನಿಂತ ಸಾರ್ ಅವಳಿಗೆ ಅಡ್ಡವಾಗಿದ್ದಾರೆ. ತಮ್ಮನಿಗೆ ಚಪ್ಪಲಿ ತೊಡಿಸಬೇಕು, ಸ್ವಲ್ಪ ಆಚೆ ನಿಂತ್ಕೊಳ್ಳಿ ಅನ್ನುತ್ತಾಳೆ. ಸಾರ್ ಆಚೆ ನಿಂತುಕೊಳ್ಳುತ್ತಾರೆ. ಅಲ್ಲಿಂದ ನೇರ ಹಿತ್ತಾಳೆ ಫಲಕದ ಕೋಣೆಗೆ ಹೋಗಿ, ತಮ್ಮ ಹಳೇ ಶಿಷ್ಯರ ಎದುರು ನಿಂತುಕೊಂಡೇ, ಬಿಡಬಹುದು ಅಂತ ಹೇಳಿ ಬರುತ್ತಾರೆ. ಮುಖ್ಯಸ್ಥರು ಕೂತ್ಕೊಳ್ಳಿ ಸಾರ್ ಅಂದರೂ ಕೂರುವುದಿಲ್ಲ.

ಈಗ ಮತ್ತೊಂದು ಬೆಳಗಿನ ಜಾವ, ಅದೇ ಥಿಯೇಟರು. ಹೊಸ ಶಿಷ್ಯ ಬಂದಿದ್ದಾನೆ, ಅವನೂ ಗಿಡ್ಡ. ಸಾರ್ ಟೇಬಲ್ಲು ಇಳಿಸುತ್ತಾರೆ, ಬೆನ್ನು ಹಿಡಿದುಕೊಳ್ಳುತ್ತಾರೆ. ಗುಬ್ಬಿ ಹೋಗಿ ಕೆಲವು ವಾರಗಳಾಗಿವೆ. ಅಲ್ಲಿ ಆಕೆಗೆ ಆಗಲೇ ಒಳ್ಳೇ ಹೆಸರು ಬಂದಿದೆಯಂತೆ, ಅಕ್ಕಪಕ್ಕದ ಊರಿನವರೂ ಹುಡುಕಿಕೊಂಡು ಬರುತ್ತಿದ್ದಾರಂತೆ. ಇದನ್ನು ಹೇಳುವಾಗ ಸಾರ್ ಮುಖ ಹಾಗಲಕಾಯಿ ತಿಂದವರ ಹಾಗೆ ಆಗುತ್ತದೆ. ಅದನ್ನು ಅವರು ಮುಚ್ಚಿಡಲೂ ಹೋಗುವುದಿಲ್ಲ. ಗುಬ್ಬಿಯಿಂದ ಒಂದು ಫೋನೂ ಇಲ್ಲ. ಮೊಬೈಲು ಮಾತ್ರ ಯಾವಾಗಲೂ ಅಂಗಿಯ ಜೇಬಿನಲ್ಲಿ, ದನಿ ಜೋರು ಮಾಡಿಟ್ಟು.

ಇನ್ನೇನು ಆಸೆ ಇದೆ ಅಂತ ಕೇಳಿದರೆ ಪೆಡಲನ್ನು ಇನ್ನೊಂದು ಸಲ ತುಳಿಯುತ್ತಾರೆ.

“ಒಂದ್ಸಲ ಫೋನ್ ಮಾಡ್ಲಿ ಅಂತ ಆಸೆ. ಮಾಡೋ ಹಾಗೆ ಆಗದೇ ಇರ್ಲಿ ಅಂತಾನೂ ಆಸೆ. ಎರಡೂ ಇದೆ, ಏನ್ಮಾಡ್ಲಿ,” ಅನ್ನುತ್ತಾರೆ. ಆಮೇಲೆ ಜೇಬನ್ನು ಅಂಗೈಯಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. “ಆದ್ರೆ ಬಂತು ಅಂದ್ಕೊಳ್ಳಿ, ಟೀ ಎಲ್ಲಿರುತ್ತೋ ಅಲ್ಲೇ ಬಿಟ್ಟು ಓಡ್ತೀನಿ. ಅವಳು ಸುಮ್ಮಸುಮ್ಮನೆ ಕರೆಯೋಳಲ್ಲ.”